ಸ್ಥೂಲಾಕ್ಷರದ ರೂಪವೂ ವಿನಿಯೋಗವೂ

ಗ್ರಂಥದ ಪಾಠಶುದ್ಧಿಯನ್ನು ವಿಚಾರಿಸುವಷ್ಟು ಆಸ್ಥೆಯಿಂದ ಅದರ ಅಚ್ಚುಮೊಳೆಗಳ ರೂಪವನ್ನು ವಿಚಾರಿಸುವವರು ವಿರಳ. ಆದರೆ ಮೊಳೆಯ ಆಯ್ಕೆ ಕೆಟ್ಟರೆ ಶುದ್ಧವಾದ ಪಾಠವೂ ಓದುವವರ ಕಣ್ಣಿಗೆ ಭಾರವಾಗುವುದು. ರೋಮನ್ ಲಿಪಿಯಲ್ಲಿ 'ಫ್ಯಾಟ್ ಫೇಸ್' ಎಂದು ಹೆಸರಾದ ಸ್ಥೂಲಾಕ್ಷರಗಳು ಇದಕ್ಕೆ ಸ್ಪಷ್ಟವಾದ ನಿದರ್ಶನ.

ಮೊದಲು ಒಂದು ಪರಿಭಾಷೆ. ರೋಮನ್ ಅಕ್ಷರದ ಗೆರೆಗಳ ತುದಿಯಲ್ಲಿರುವ ಕಿರಿದಾದ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ಇದನ್ನು ನಮ್ಮ ತಲೆಕಟ್ಟಿಗೆ ಸಮಾನವೆಂದು ತಿಳಿಯಬಾರದು. ತಲೆಕಟ್ಟು ವ್ಯಂಜನದೊಡನೆ ಅಕಾರವಿರುವುದನ್ನು ಸೂಚಿಸುತ್ತದೆ. ಸೆರಿಫಿಗೆ ಯಾವ ಧ್ವನಿಯೂ ಇಲ್ಲ.

ಹಳೆಯ ರೋಮನ್ ಮೊಳೆಗಳು ಅಗಲ ಮೊನೆಯ ಲೇಖನಿಯನ್ನು ಅನುಸರಿಸಿದುವು. ಲೇಖನಿಯನ್ನು ಓರೆಯಾಗಿ ಹಿಡಿಯುತ್ತಿದ್ದುದರಿಂದ ಅಕ್ಷರದ ದಪ್ಪವೂ ಓರೆಯಾಗಿಯೇ ಬೀಳುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಚೂಪಾದ ಬಾಗುಮೊನೆಯ ಬರವಣಿಗೆ ಮಾದರಿಯಾಯಿತು. ಅದರಲ್ಲಿ ಕೆಳಕ್ಕೆ ಒತ್ತಿ ಎಳೆದ ಗೆರೆ ದಪ್ಪ, ಮಿಕ್ಕದ್ದು ತೆಳು. ಬರ್ಮಿಂಗ್‌ಹ್ಯಾಮಿನ ಬ್ಯಾಸ್ಕರ್‌ವಿಲ್ 1757ರಲ್ಲಿ ವರ್ಜಿಲನ ಕಾವ್ಯಗಳನ್ನು ಅಚ್ಚಿಡುವಾಗ ನುಣುಪಾದ ಕಾಗದವನ್ನು ಬಳಸಿದನು. ಅಂಥ ಕಾಗದದ ಮೇಲೆ ಸೂಕ್ಷ್ಮರೇಖೆಗಳೂ ಸ್ಫುಟವಾಗಿ ಮೂಡುವುವು. ಆ ಬಳಿಕ ಪ್ಯಾರಿಸಿನ ಫರ್ಮಾನ್ ದಿದೋ, ಪಾರ್ಮಾ ನಗರದ ಬೊದೋನಿ (1740–1813) ಇವರು ದಪ್ಪ ತೆಳುಗಳ ಅಂತರವನ್ನು ಇನ್ನೂ ಹಿರಿದಾಗಿಸಿ, ಸೆರಿಫನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿದರು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಮೊಳೆ ಎರಕದವರು ಈ ರೂಪವನ್ನು ಇನ್ನೊಂದು ಪ್ರಯೋಜನಕ್ಕೆ ತಿರುಗಿಸಿದರು. ಲಾಟರಿ, ನಾಟಕ ಮೊದಲಾದವುಗಳ ಗೋಡೆಪ್ರಕಟಣೆಗಳು ದಾರಿಹೋಕರನ್ನು ತಡೆದು ನಿಲ್ಲಿಸಬೇಕಾಗಿತ್ತು. ಇದಕ್ಕೆ ಸ್ಥೂಲಾಕ್ಷರವನ್ನು ಬಳಕೆಗೆ ತಂದವರಲ್ಲಿ 1820ರಲ್ಲಿ ತೀರಿಕೊಂಡ ರಾಬರ್ಟ್ ಥಾರ್ನ್ ಪ್ರಮುಖನು. ತನ್ನ ಮುದ್ರಣಗ್ರಂಥವನ್ನು 1825ರಲ್ಲಿ ಪ್ರಕಟಿಸಿದ ಹ್ಯಾನ್‌ಸರ್ಡನು ಇಂಥ ಮೊಳೆಗಳನ್ನು ಕಟುವಾಗಿ ಹಳಿದನು.

ಈ ಆಕ್ಷೇಪಣೆ ಎಷ್ಟರ ಮಟ್ಟಿಗೆ ನ್ಯಾಯ? ಉತ್ತರವು ಅಕ್ಷರದ ಕಪ್ಪಿನಲ್ಲಿಲ್ಲ, ಬಿಳುಪಿನಲ್ಲಿದೆ. ಸ್ಥೂಲಾಕ್ಷರದ ಕಂಬವು ಬಹುಮಟ್ಟಿಗೆ ಒಳಕ್ಕೆ ಬೆಳೆಯುವುದರಿಂದ ಅಕ್ಷರದ ಹೊಟ್ಟೆಯೊಳಗಿನ ಬಿಳಿಯ ಎಡೆ ಸೀಳಿನಷ್ಟೇ ಉಳಿಯುವುದು. ಅಂಗುಲಕ್ಕೆ ಸುಮಾರು 72 ಪಾಯಿಂಟ್ ಎಂಬ ಮುದ್ರಕರ ಅಳತೆಯಲ್ಲಿ, 72 ಪಾಯಿಂಟಿನ ಶೀರ್ಷಿಕೆಯಲ್ಲಿ ಆ ಸೀಳೂ ಕೂದಲೆಳೆಯ ಗೆರೆಯೂ ಕಣ್ಣಿಗೆ ಕಾಣುವುವು. 10 ಪಾಯಿಂಟಿಗೆ ಇಳಿಸಿದೊಡನೆ ಸೀಳನ್ನು ಮಸಿ ತುಂಬುವುದು, ತೆಳುಗೆರೆ ಅಳಿಯುವುದು. ಆಗ ಓದುವವನಿಗೆ ಪದವು ಕಾಣದೆ ಕರಿಯ ಕಂಬಗಳ ಸಾಲು ಕಾಣುವುದು. ಆದುದರಿಂದ ಗ್ರಂಥದ ಪಂಕ್ತಿಗಳ ವಿಷಯದಲ್ಲಿ ಹ್ಯಾನ್‌ಸರ್ಡನ ಮಾತು ಸಾಧುವೇ. ಪ್ರಕಟಣೆಯ ಶಿರೋಲೇಖದ ವಿಷಯದಲ್ಲಿ ಅಲ್ಲ. ದೋಷವು ರೂಪದ್ದಲ್ಲ, ಅಸ್ಥಾನಪ್ರಯೋಗದ್ದು.

ಈ ತತ್ತ್ವವನ್ನು ಮುಂದಿನ ಇತಿಹಾಸವು ದೃಢಪಡಿಸಿದೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ ಬೊದೋನಿಯ ರೂಪವನ್ನು ಪುನರುದ್ಧರಿಸಿದಾಗ, ಅದರ ಅತಿಸ್ಥೂಲವಾದ 'ಅಲ್ಟ್ರಾ ಬೊದೋನಿ' ಜಾಹೀರಾತಿಗೂ ಶೀರ್ಷಿಕೆಗೂ ಒದಗಿತು. 1994ರಲ್ಲಿ ಹೊರಬಂದ ಐ.ಟಿ.ಸಿ. ಬೊದೋನಿಯನ್ನು 6, 12, 72 ಪಾಯಿಂಟುಗಳಿಗೆ ಬೇರೆಬೇರೆಯಾಗಿಯೇ ರಚಿಸಲಾಯಿತು. ಕಿರಿಯ ಅಳತೆಯಲ್ಲಿ ತೆಳುಗೆರೆ ಅಳಿಯದಂತೆ ಪುಷ್ಟವಾಗಿದೆ, ಹಿರಿಯದರಲ್ಲಿ ಸೂಕ್ಷ್ಮವಾಗಿದೆ. ಒಂದೇ ಆಕೃತಿಯನ್ನು ಹಿಗ್ಗಿಸಿ ಕುಗ್ಗಿಸಿದ ಮಾತ್ರಕ್ಕೆ ಎಲ್ಲ ಕೆಲಸಕ್ಕೂ ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈಗ ಗಣಕಯಂತ್ರದಲ್ಲಿ ಯಾವ ಅಕ್ಷರವನ್ನಾದರೂ ಯಾವ ಅಳತೆಗಾದರೂ ಕ್ಷಣದಲ್ಲಿ ತರಬಹುದಾಗಿದೆ; ಆದುದರಿಂದ ಸಂಪಾದಕರ ಹೊಣೆ ಹೆಚ್ಚಿದೆ. ಮುಖಪುಟ, ಅಧ್ಯಾಯದ ಶಿರೋನಾಮೆ, ಆದ್ಯಕ್ಷರ ಇವು ಸ್ಥೂಲಾಕ್ಷರದ ಸ್ಥಾನಗಳು. ಮೂಲಪಾಠವನ್ನೂ ಟಿಪ್ಪಣಿಯನ್ನೂ ಅದಕ್ಕೆ ಒಪ್ಪಿಸದಿರುವುದು ಗ್ರಂಥಕ್ಕೂ ಓದುವವರಿಗೂ ಕ್ಷೇಮ.