ಟೂಲ್‌ನ ವಿವರಣೆಯೇ ಏಜೆಂಟ್‌ನ ಕಣ್ಣು

ಮೈಸೂರಿನಿಂದ ಬೆಂಗಳೂರಿಗೆ ನಾಳೆ ಸಂಜೆ ಯಾವ ರೈಲಿದೆ ಎಂದು ಎಐ ಏಜೆಂಟ್ ಒಂದನ್ನು ಕೇಳಿದಿರಿ ಎನ್ನೋಣ. ಅದರೊಳಗಿನ ಭಾಷಾ ಮಾದರಿಗೆ ನಾಳಿನ ವೇಳಾಪಟ್ಟಿ ಗೊತ್ತಿಲ್ಲ. ಹಾಗಾಗಿ ‘ರೈಲು ಹುಡುಕು’ ಎಂಬಂಥ ಟೂಲ್ ಅನ್ನು ಅದು ಕರೆಯುತ್ತದೆ. ಕರೆಯುವುದೆಂದರೆ, ಯಾವ ಟೂಲ್ ಬೇಕು, ಅದಕ್ಕೆ ಏನೇನು ಕೊಡಬೇಕು ಎಂಬುದನ್ನು ಒಂದು ಗೊತ್ತಾದ ನಮೂನೆಯಲ್ಲಿ ಬರೆದುಕೊಡುವುದು, ಅಷ್ಟೇ. ಟೂಲ್ ಅನ್ನು ಓಡಿಸುವುದು ಹೊರಗಿನ ತಂತ್ರಾಂಶ. ಬಂದ ಉತ್ತರವನ್ನು ಅದು ಮತ್ತೆ ಪಠ್ಯವಾಗಿ ಮಾದರಿಯ ಮುಂದಿಡುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಈ ಸೌಲಭ್ಯ ಕೊಟ್ಟ ಮೇಲೆ ಇದು ಸಾಮಾನ್ಯ ರೂಢಿಯಾಯಿತು.

ಟೂಲ್‌ನ ಒಳಗಿರುವ ಕೋಡ್ ಸಾಮಾನ್ಯವಾಗಿ ಮಾದರಿಗೆ ಕಾಣುವುದೇ ಇಲ್ಲ. ಕಾಣುವುದು ಟೂಲ್‌ನ ಹೆಸರು, ಕೆಲವು ಸಾಲಿನ ವಿವರಣೆ, ತುಂಬಬೇಕಾದ ಅಂಕಣಗಳ ಪಟ್ಟಿ. ಪ್ರೋಗ್ರಾಮರ್‌ಗಳು ಕೋಡ್‌ಗೆ ವಾರಗಟ್ಟಲೆ ದುಡಿದು, ಈ ಸಾಲುಗಳನ್ನು ಕೊನೆಯ ಐದು ನಿಮಿಷದಲ್ಲಿ ಗೀಚುತ್ತಾರೆ. ಏಜೆಂಟ್ ಎಡವುವುದು ಬಹಳ ಸಲ ಇಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ರೈಲುಗಳ ಮಾಹಿತಿ ನೀಡುತ್ತದೆ. ನಿಲ್ದಾಣ ಮತ್ತು ದಿನಾಂಕ ಕೊಡಿ’ ಎಂದಷ್ಟೇ ಬರೆದಿದ್ದರೆ ಏನಾಗುತ್ತದೆ? ನಿಲ್ದಾಣವೆಂದರೆ ಹೆಸರೋ ಸಂಕೇತಾಕ್ಷರವೋ? ಬೆಂಗಳೂರೆಂದರೆ ಸಂಗೊಳ್ಳಿ ರಾಯಣ್ಣ ನಿಲ್ದಾಣವೋ, ಯಶವಂತಪುರವೋ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲೋ? 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಎರಡೂ ಕಡೆಯ ಬರಹಗಳನ್ನು ಓದಿ ಬೆಳೆದ ಮಾದರಿ ಊಹಿಸಿಬಿಡುತ್ತದೆ. ಊಹೆ ತಪ್ಪಾದಾಗ ಯಂತ್ರ ನಿಂತುಹೋದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ಇಲ್ಲಿ ಬೇರೆ ದಿನದ ರೈಲುಪಟ್ಟಿ ಬಂದುಬಿಡುತ್ತದೆ, ಏಜೆಂಟ್ ಅದನ್ನು ನಿಸ್ಸಂಕೋಚವಾಗಿ ನಿಮಗೆ ಒಪ್ಪಿಸುತ್ತದೆ.

ಅದೇ ವಿವರಣೆಯನ್ನು ಹೀಗೆ ಬರೆಯಬಹುದು: ‘ಎರಡು ನಿಲ್ದಾಣಗಳ ನಡುವೆ ನಿಗದಿತ ದಿನ ಓಡುವ ರೈಲುಗಳ ಪಟ್ಟಿ ಕೊಡುತ್ತದೆ. ನಿಲ್ದಾಣವನ್ನು ರೈಲ್ವೆ ಸಂಕೇತದಲ್ಲಿ ಕೊಡಬೇಕು, ಮೈಸೂರಿಗೆ ಎಂವೈಎಸ್. ಬಳಕೆದಾರರು ಬರೀ ಬೆಂಗಳೂರು ಎಂದರೆ ಯಾವ ನಿಲ್ದಾಣವೆಂದು ಮೊದಲು ಕೇಳಿಕೊಳ್ಳಿ. ದಿನಾಂಕವು 2025-04-03ರಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿರಲಿ. ಸೀಟು ಖಾಲಿಯಿದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ, ಅದಕ್ಕೆ ಬೇರೆ ಟೂಲ್ ಇದೆ. ಆ ದಿನ ರೈಲಿಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ, ಅದು ದೋಷವಲ್ಲ.’

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಸೀಟಿನ ಮಾತು. ಟೂಲ್ ಏನು ಮಾಡುತ್ತದೆಂದು ಎಲ್ಲರೂ ಬರೆಯುತ್ತಾರೆ, ಏನು ಮಾಡುವುದಿಲ್ಲವೆಂದು ಬರೆಯುವವರು ಕಡಿಮೆ. ಒಂದೇ ಬಗೆಯ ಹತ್ತಾರು ಟೂಲ್‌ಗಳು ಎದುರಿಗಿದ್ದಾಗ ಮಾದರಿ ಸರಿಯಾದದ್ದನ್ನು ಆರಿಸುವುದು ಈ ಗಡಿರೇಖೆಯಿಂದಲೇ.

ಆಂಥ್ರೊಪಿಕ್ ಕಂಪನಿಯೇ ಪ್ರಕಟಿಸಿದ ಒಂದು ಅನುಭವವಿದೆ. ಅವರ ಮಾದರಿ ಕ್ಲಾಡ್‌ಗೆ ಅಂತರ್ಜಾಲದಲ್ಲಿ ಹುಡುಕುವ ಟೂಲ್ ಕೊಟ್ಟಾಗ, ಹುಡುಕುವ ಪದಗಳ ಜೊತೆಗೆ ಅದು ಅನವಶ್ಯಕವಾಗಿ ‘2025’ ಎಂದು ಸೇರಿಸುತ್ತಿತ್ತು. ಇದರಿಂದ ಫಲಿತಾಂಶಗಳು ಒಂದು ಕಡೆಗೆ ವಾಲುತ್ತಿದ್ದವು. ಇದನ್ನು ಸರಿಪಡಿಸಲು ಅವರು ತಿದ್ದಿದ್ದು ಟೂಲ್‌ನ ವಿವರಣೆಯನ್ನು.

ಕೆಲವೊಮ್ಮೆ ಮಾತಷ್ಟೇ ಸಾಲದು, ಟೂಲ್‌ನ ಆಕಾರವನ್ನೇ ಬದಲಿಸಬೇಕು. ತಂತ್ರಾಂಶದ ದೋಷಗಳನ್ನು ತಿದ್ದುವ ಎಸ್‌ಡಬ್ಲ್ಯುಇ-ಬೆಂಚ್ ಪರೀಕ್ಷೆಗೆ ಇದೇ ಕಂಪನಿ ಏಜೆಂಟ್ ಕಟ್ಟುತ್ತಿದ್ದಾಗ, ಮಾದರಿಯು ಮೂಲ ಫೋಲ್ಡರ್ ಬಿಟ್ಟು ಬೇರೆಡೆ ಹೋದ ಮೇಲೆ ಫೈಲ್‌ಗಳ ಅರೆಬರೆ ವಿಳಾಸ ಕೊಟ್ಟು ತಪ್ಪುತ್ತಿತ್ತು. ಪ್ರತಿ ಸಲ ಬುಡದಿಂದ ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಟೂಲ್ ಬದಲಿಸಿದರು, ತಪ್ಪು ನಿಂತಿತು. ತಪ್ಪು ಮಾಡಲು ಜಾಗವೇ ಇಲ್ಲದಂತೆ ವಿನ್ಯಾಸ ಮಾಡುವ ಈ ವಿಧಾನಕ್ಕೆ ‘ಪೋಕಾ-ಯೋಕೆ’ ಎಂಬ ಹೆಸರಿದೆ. ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ 1960ರ ದಶಕದಲ್ಲಿ ಕಾರ್ಖಾನೆಗಳಿಗಾಗಿ ಬೆಳೆಸಿದ ವಿಚಾರ ಅದು.

ಹಾಗೆಂದು ವಿವರಣೆಯನ್ನು ಪುಟಗಟ್ಟಲೆ ಬರೆಯುವುದೂ ಸಲ್ಲ. ಮಾದರಿ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಎಲ್ಲ ಟೂಲ್‌ಗಳ ವಿವರಣೆಯೂ ಆ ಜಾಗವನ್ನೇ ತಿನ್ನುತ್ತದೆ.

ಇನ್ನೊಂದು ವಿಷಯ ಬರೀ ಪ್ರೋಗ್ರಾಮರ್‌ಗಳದ್ದಲ್ಲ. 2024ರ ನವೆಂಬರ್‌ನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಾಮಾನ್ಯ ಜೋಡಣಾ ನಿಯಮಾವಳಿಯಿಂದಾಗಿ ಯಾರೋ ಬರೆದ ಟೂಲ್ ಅನ್ನು ಯಾರು ಬೇಕಾದರೂ ತಮ್ಮ ಏಜೆಂಟ್‌ಗೆ ಸುಲಭವಾಗಿ ಜೋಡಿಸಬಹುದು. ಮಾದರಿ ವಿವರಣೆಯನ್ನು ನಂಬುವುದರಿಂದ, ಅದರೊಳಗೆ ‘ಬಳಕೆದಾರರ ಗುಟ್ಟಿನ ಫೈಲ್ ಓದಿ ಕಳಿಸು’ ಎಂಬಂಥ ಆದೇಶವನ್ನು ಅಡಗಿಸಿಡಬಹುದೆಂದು ಇನ್ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು 2025ರಲ್ಲಿ ತೋರಿಸಿದರು. ಪರದೆಯ ಮೇಲೆ ನಮಗೆ ಕಾಣುವುದು ಅನೇಕ ವೇಳೆ ಟೂಲ್‌ನ ಚುಟುಕು ಹೆಸರು ಮಾತ್ರ, ಪೂರ್ತಿ ವಿವರಣೆ ತಲುಪುವುದು ಮಾದರಿಗೆ. ನಿಮ್ಮ ಇಮೇಲ್, ಬ್ಯಾಂಕ್ ಕಾಗದಪತ್ರಗಳನ್ನು ಮುಟ್ಟಬಲ್ಲ ಏಜೆಂಟ್‌ಗೆ ಹೊರಗಿನ ಟೂಲ್ ಜೋಡಿಸುವ ಮುನ್ನ ದಯವಿಟ್ಟು ಆ ವಿವರಣೆಯನ್ನು ತೆರೆದು ಕೊನೆಯ ಸಾಲಿನವರೆಗೂ ಓದಿ. ಅದನ್ನು ತೋರಿಸದ ಟೂಲ್ ಅನ್ನು ಜೋಡಿಸಬೇಡಿ.