ಒಡೆದುಹೋದ ಹೆಸರು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಹುಲಗೂರು ಎಂಬ ಗ್ರಾಮವಿದೆ. ಕನ್ನಡ ಬಲ್ಲವರಿಗೆ ಅದು ನಾಲ್ಕೇ ಅಕ್ಷರಗಳ ಹೆಸರು. ಗಣಕಯಂತ್ರದ ಲೆಕ್ಕ ಬೇರೆ. ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಹ, ಲ, ಗ, ರ ಎಂಬ ವ್ಯಂಜನಗಳಿಗೂ ಉಕಾರ, ಊಕಾರಗಳ ಗುಣಿತಚಿಹ್ನೆಗಳಿಗೂ ಪ್ರತ್ಯೇಕ ಸಂಖ್ಯೆಗಳಿವೆ. ಹೀಗಾಗಿ ಆ ಹೆಸರು ಅಲ್ಲಿ ಏಳು ಸಂಕೇತಗಳ ಸಾಲು.

ಗೀಡೊ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಪೈಥಾನ್ ಭಾಷೆಯ ಆದೇಶಗಳನ್ನು ಓದಿ ನಡೆಸಿಕೊಡುವ ತಂತ್ರಾಂಶಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು. ಅದೊಂದು ಬಗೆಯ ದುಭಾಷಿ. ದುಭಾಷಿಯೇ ತಪ್ಪಿದರೆ ಆದೇಶ ಬರೆದವನ ಜಾಣ್ಮೆಯಿಂದ ಏನು ಫಲ? ವಾಕ್ಯದಿಂದ ಪದಗಳನ್ನು ಆರಿಸಿಕೊಡಲು ಪೈಥಾನಿನಲ್ಲಿ ಒಂದು ಸಂಕೇತವುಂಟು. ಅದು ಗುಣಿತಚಿಹ್ನೆಯನ್ನು ಪದದ ಅಂಗವೆಂದು ಎಣಿಸದು. ಚಿಹ್ನೆ ಬಂದಲ್ಲೆಲ್ಲ ಪದ ಮುಗಿಯಿತೆಂದು ಬಗೆಯುತ್ತದೆ. ಆದುದರಿಂದ ಹುಲಗೂರು ‘ಹ’, ‘ಲಗ’, ‘ರ’ ಎಂದು ಮೂರು ಚೂರಾಗುತ್ತದೆ. ಹೀಗೆ ಸಿದ್ಧಪಡಿಸಿದ ಗ್ರಾಮಗಳ ಪಟ್ಟಿಯಲ್ಲಿ ಹುಲಗೂರನ್ನು ಹುಡುಕಿದವನಿಗೆ ಆ ಊರೇ ಇಲ್ಲ! ಇಂಗ್ಲಿಷ್ ಪದಗಳಿಗೆ ಈ ಗತಿ ಒದಗದಿರುವುದರಿಂದ ದೋಷವು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಭಾರತೀಯ ಲಿಪಿಗಳ ಕುರಿತಾದ ಈ ದೂರು 2007ರಲ್ಲಿಯೇ ಪೈಥಾನಿನ ನಿರ್ವಾಹಕರನ್ನು ತಲುಪಿತ್ತು. 2008ರ ಡಿಸೆಂಬರಿನಲ್ಲಿ 3.0 ಆವೃತ್ತಿ ಬಂದಿತು. ದೋಷ ಮಾತ್ರ ಹೋಗಲಿಲ್ಲ.

ಇಂಟರ್‌ಪ್ರಿಟರನ್ನು ತಿದ್ದುವುದು ಅದನ್ನು ರಚಿಸಿದವರ ಕೆಲಸ. ಅಲ್ಲಿಯವರೆಗೆ ಕೆಲಸ ನಿಲ್ಲಿಸಲಾಗದವರು ದೋಷವನ್ನು ಸುತ್ತಿ ಸಾಗುವ ದಾರಿ ಹುಡುಕಬೇಕು. ಯೂನಿಕೋಡಿನಲ್ಲಿ 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡಕ್ಕೆ ಮೀಸಲು. ಈ ವ್ಯಾಪ್ತಿಯ ಸಂಕೇತಗಳ ಅಖಂಡ ಸಾಲನ್ನು ಒಂದೇ ಪದವೆಂದು ತಿಳಿಯತಕ್ಕದ್ದು ಎಂದು ಸ್ಪಷ್ಟವಾಗಿ ಆದೇಶಿಸಿದರೆ ಹೆಸರು ಇಡಿಯಾಗಿ ಉಳಿಯುತ್ತದೆ.

ಆದರೆ ಒಂದೇ ಬರಹ ಹಳೆಯ, ಹೊಸ ಆವೃತ್ತಿಗಳೆರಡರಲ್ಲೂ ನಡೆಯಬೇಕಾದಾಗ ಮತ್ತೊಂದು ತೊಡಕು. ಎರಡನೆಯ ಸರಣಿಯಲ್ಲಿ ಉದ್ಧರಣ ಚಿಹ್ನೆಯ ಹಿಂದೆ ‘ಯು’ ಎಂಬ ಇಂಗ್ಲಿಷ್ ಅಕ್ಷರ ಬರೆಯದಿದ್ದರೆ ಹುಲಗೂರು ಬರಿಯ 21 ಬೈಟುಗಳ ರಾಶಿ. 3.0ರಿಂದ 3.2ರವರೆಗಿನ ಆವೃತ್ತಿಗಳಿಗೆ ಅದೇ ‘ಯು’ ವ್ಯಾಕರಣದೋಷ! 2012ರಲ್ಲಿ ಬಂದ 3.3 ಅದನ್ನು ಮತ್ತೆ ಅಂಗೀಕರಿಸಿದ ಮೇಲೆಯೇ ಇಬ್ಬಗೆಯ ಬರಹಗಾರರಿಗೆ ನೆಮ್ಮದಿ. ಎರಡನೆಯ ಸರಣಿಯ ಪೋಷಣೆ 2020ರಲ್ಲಿ ಕೊನೆಗೊಂಡಿತು.

ಸುತ್ತುದಾರಿಯಲ್ಲಿಯೂ ಎಡವಬಹುದು. ಅರ್ಧಾಕ್ಷರವು ಮುಂದಿನ ಅಕ್ಷರದೊಡನೆ ಒತ್ತಾಗಿ ಬೆರೆಯದಂತೆ ತಡೆಯುವ ಅಗೋಚರ ಸಂಕೇತವೊಂದಿದೆ. ಅದರ ಸಂಖ್ಯೆ 8204; ಅಂದರೆ ಕನ್ನಡದ ವ್ಯಾಪ್ತಿಯಿಂದ ಹೊರಗೆ. ಅದನ್ನೂ ಸೇರಿಸಿಕೊಳ್ಳದಿದ್ದರೆ ಹುಲಗೂರು ಉಳಿದು, ‘ಇಂಟರ್‌ಪ್ರಿಟರ್’ ಎಂಬ ಪದವೇ ಎರಡು ತುಂಡಾಗುತ್ತದೆ.