ಸ್ಟೇಟಸ್‌ಗೆ ಹಾಕಿಕೊಂಡಿದ್ದು ಸೈತಾನನ ಮಾತು!

ಎರಡು ವರ್ಷದ ಹಿಂದೆ, ಅಪ್ರೈಸಲ್ ಸಮಯದಲ್ಲಿ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಒಂದು ಸಾಲು ಹಾಕಿದ್ದೆ. ದೊಡ್ಡವರ ಹತ್ತಿರ ಏನನ್ನೂ ಕೇಳದಿರುವುದೇ ಜಾಣತನ, ಸಿಗಬೇಕಾದ್ದು ತಾನಾಗೇ ಸಿಗುತ್ತೆ ಅನ್ನೋ ಧಾಟಿಯದು. ಕೆಳಗೆ ಬುಲ್ಗಾಕೋವ್ ಅಂತ ಹೆಸರು. ನಾಲ್ಕೈದು ಜನ ಹಾರ್ಟ್ ಒತ್ತಿದರು. ನಾನು ಹೈಕ್ ಕೇಳಲಿಲ್ಲ. ತಾನಾಗೇ ಸಿಗಲೂ ಇಲ್ಲ.

ಆಮೇಲೆ ಕಾದಂಬರಿಯನ್ನೇ ಓದಿದೆ. ‘ದಿ ಮಾಸ್ಟರ್ ಅಂಡ್ ಮಾರ್ಗರಿಟ’. ಮಾಟ–ಮಂತ್ರದ ಪ್ರೊಫೆಸರ್ ವೇಷದಲ್ಲಿ ಸಾಕ್ಷಾತ್ ಸೈತಾನ ಮಾಸ್ಕೋಗೆ ಬರ್ತಾನೆ. ಹೆಸರು ವೋಲಂಡ್. ಜೊತೆಗೆ ಮಾತಾಡುವ ದೈತ್ಯ ಬೆಕ್ಕು. ಸೋವಿಯತ್ ಸಾಹಿತಿಗಳು, ಅಧಿಕಾರಿಗಳು, ವಠಾರದ ಕಮಿಟಿಯವರು ಎಲ್ಲರ ಬಣ್ಣ ಬಯಲಾಗುತ್ತೆ. ನಾನು ಸ್ಟೇಟಸ್‌ಗೆ ಹಾಕಿದ ಮಾತು ಈ ವೋಲಂಡ್‌ನದು. ಸೈತಾನನ ಬುದ್ಧಿವಾದವನ್ನು ನಂಬಿ ಕೂತಿದ್ದೆ ನೋಡಿ!

ಆ ಮಾತು ಬರುವ ಜಾಗ ಸ್ವಾರಸ್ಯವಾಗಿದೆ. ಮಾರ್ಗರಿಟ ರಾತ್ರಿಯಿಡೀ ಸೈತಾನನ ಔತಣಕೂಟದಲ್ಲಿ ರಾಣಿಯಾಗಿ ನಿಂತು ದಣಿದಿದ್ದಾಳೆ. ಪ್ರತಿಫಲ ಕೇಳದೆ, ಅಭಿಮಾನದಿಂದ ಎದ್ದು ಹೊರಡ್ತಾಳೆ. ಆಗ ವೋಲಂಡ್ ಮೆಚ್ಚಿ ಹೀಗಂತಾನೆ, ಏನು ಬೇಕು ಹೇಳು ಅಂತಾನೆ. ಅವಳಿಗೆ ಬೇಕಾದ್ದು ಒಂದೇ: ಕಳೆದುಹೋದ ತನ್ನ ಪ್ರಿಯಕರ, ಆ ಬಡಪಾಯಿ ಲೇಖಕ. ಆದರೆ ಅವಳ ಬಾಯಲ್ಲಿ ಬರೋದು ಬೇರೆಯೇ ಹೆಸರು, ಫ್ರೀಡಾ. ಹೆತ್ತ ಮಗುವನ್ನು ಕರವಸ್ತ್ರದಿಂದ ಉಸಿರುಗಟ್ಟಿಸಿ ಕೊಂದ ಹೆಣ್ಣು. ಅದೇ ಕರವಸ್ತ್ರವನ್ನು ಮೂವತ್ತು ವರ್ಷದಿಂದ ಪ್ರತಿದಿನ ಅವಳ ಮುಂದೆ ಇಡಲಾಗುತ್ತಿದೆ. ಅದನ್ನು ನಿಲ್ಲಿಸಿ ಅಂತ ಮಾರ್ಗರಿಟ ಕೇಳ್ತಾಳೆ. ಔತಣದಲ್ಲಿ ಸಿಕ್ಕಿದ್ದ ಫ್ರೀಡಾಗೆ ಅವಳು ಭರವಸೆ ಕೊಟ್ಟುಬಿಟ್ಟಿದ್ದಳು, ಅದಕ್ಕೆ. ಅಂದರೆ, ಕೇಳಬಾರದು ಅನ್ನೋ ಮಾತು ಬಂದ ಅಧ್ಯಾಯದಲ್ಲೇ ಅದು ಮುರಿದುಬೀಳುತ್ತೆ. ಸ್ಟೇಟಸ್‌ನಲ್ಲಿ ಇದಕ್ಕೆಲ್ಲ ಜಾಗ ಎಲ್ಲಿದೆ?

ಇನ್ನು, ಇದನ್ನು ಬರೆದವನ ಕಥೆ. ಕೀವ್‌ನಲ್ಲಿ 1891ರಲ್ಲಿ ಹುಟ್ಟಿದ ಮಿಖಾಯಿಲ್ ಬುಲ್ಗಾಕೋವ್ ಓದಿದ್ದು ವೈದ್ಯಕೀಯ. 1930ರ ಹೊತ್ತಿಗೆ ಅವನ ನಾಟಕಗಳೆಲ್ಲ ರಂಗದಿಂದ ಇಳಿದಿದ್ದವು. ಆ ವರ್ಷ ಮಾರ್ಚ್ 28ರಂದು ಅವನು ಸೋವಿಯತ್ ಸರ್ಕಾರಕ್ಕೇ ಒಂದು ಪತ್ರ ಬರೆದ. ಹತ್ತು ವರ್ಷದಲ್ಲಿ ತನ್ನ ಬಗ್ಗೆ ಬಂದ 301 ವಿಮರ್ಶೆಗಳಲ್ಲಿ 298 ಬೈಗುಳ, ಮೂರೇ ಮೆಚ್ಚುಗೆ ಅಂತ ಲೆಕ್ಕ ಇಟ್ಟಿದ್ದ. ದೇಶ ಬಿಡೋಕೆ ಬಿಡಿ, ಇಲ್ಲವೇ ಕೆಲಸ ಕೊಡಿ, ರಂಗದ ಹಿಂದೆ ಸಾಮಾನು ಹೊರುವ ಕೆಲಸವಾದರೂ ಸರಿ ಅಂತ ಬೇಡಿಕೊಂಡಿದ್ದ. ಏಪ್ರಿಲ್ 18ಕ್ಕೆ ಫೋನ್ ರಿಂಗಾಯ್ತು. ಆ ಕಡೆ ಸ್ಟಾಲಿನ್! ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಕೆಲಸ ಸಿಕ್ಕಿತು, ವಿದೇಶಕ್ಕೆ ಹೋಗೋ ಅನುಮತಿ ಮಾತ್ರ ಕೊನೆವರೆಗೂ ಸಿಗಲಿಲ್ಲ. ಮತ್ತೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. 1939ರಲ್ಲಿ ಸ್ಟಾಲಿನ್‌ನ ಯೌವನದ ಬಗ್ಗೆಯೇ ನಾಟಕ ಬರೆದು ನೋಡಿದ. ಅದಕ್ಕೂ ತಡೆ ಬಿತ್ತು. ಇಷ್ಟೆಲ್ಲ ಕೇಳಿ ಸೋತವನು ಸೈತಾನನ ಬಾಯಲ್ಲಿ ಆ ಮಾತು ಆಡಿಸಿದ್ದಾನೆ. ನನಗೀಗ ಅದರಲ್ಲಿ ಕೇಳಿಸೋದು ಸ್ವಾಭಿಮಾನ ಅಲ್ಲ, ಸುಟ್ಟುಕೊಂಡವನ ನಾಲಿಗೆ.

ನಗಿಸುವ ಸಾಲುಗಳೂ ಬೇಕಾದಷ್ಟಿವೆ. ಹಳಸಿದ ಮೀನು ಮಾರಿ ಸಿಕ್ಕಿಬಿದ್ದ ಕ್ಯಾಂಟೀನಿನವನು, ಸರಬರಾಜು ಮಾಡಿದವರೇ ಎರಡನೇ ದರ್ಜೆ ತಾಜಾ ಮೀನು ಕಳಿಸಿದ್ರು ಅಂತ ಸಮಜಾಯಿಷಿ ಕೊಡ್ತಾನೆ. ತಾಜಾತನದಲ್ಲೂ ದರ್ಜೆಯಾ? ರಷ್ಯನ್ನರು ಇವತ್ತಿಗೂ ಕಳಪೆ ಮಾಲನ್ನು ಆ ಮೀನಿನ ಹೆಸರಲ್ಲೇ ಆಡಿಕೊಳ್ತಾರೆ. ಮಾಸ್ಕೋ ಜನರನ್ನು ಕೆಡಿಸಿದ್ದು ಮನೆಯ ಸಮಸ್ಯೆ ಅನ್ನೋ ವೋಲಂಡ್‌ನ ಷರಾ ಕೂಡ ಗಾದೆಯೇ ಆಗಿಹೋಗಿದೆ. ಒಂದೇ ಫ್ಲ್ಯಾಟಿನಲ್ಲಿ ನಾಲ್ಕೈದು ಸಂಸಾರ, ಎಲ್ಲರಿಗೂ ಒಂದೇ ಅಡುಗೆಮನೆ. ಒಂದು ರೂಮಿಗಾಗಿ ಪಕ್ಕದವನ ಮೇಲೆ ಚಾಡಿ ಹೇಳ್ತಿದ್ದ ಕಾಲ ಅದು.

ಆದರೆ ಎಲ್ಲಕ್ಕಿಂತ ಹೆಚ್ಚು ಓಡಾಡೋ ಸಾಲು ಹಸ್ತಪ್ರತಿಯದು. ಹತಾಶನಾದ ಲೇಖಕ ತನ್ನ ಕಾದಂಬರಿಯನ್ನು ಒಲೆಗೆ ಹಾಕಿರ್ತಾನೆ. ವೋಲಂಡ್ ಅದನ್ನು ನಂಬೋದೇ ಇಲ್ಲ, ಬರೆದದ್ದನ್ನು ಬೆಂಕಿ ಏನೂ ಮಾಡಲಾರದು ಅಂತಾನೆ. ಬೆಕ್ಕು ಕುರ್ಚಿಯಿಂದ ಹಾರುತ್ತೆ, ಅದು ಕೂತಿದ್ದೇ ಆ ಹಸ್ತಪ್ರತಿಯ ಕಟ್ಟಿನ ಮೇಲೆ.

ಬುಲ್ಗಾಕೋವ್‌ಗೆ ಅಂಥ ಬೆಕ್ಕು ಇರಲಿಲ್ಲ. ಇದೇ ಕಾದಂಬರಿಯ ಮೊದಲ ಕರಡನ್ನು 1930ರಲ್ಲಿ ಅವನೇ ಒಲೆಗೆ ಹಾಕಿದ್ದ, ಆ ಪತ್ರದಲ್ಲೂ ಅದನ್ನು ಹೇಳಿದ್ದ. ಡೈರಿಯದು ಇನ್ನೂ ವಿಚಿತ್ರ. 1926ರಲ್ಲಿ ಗುಪ್ತ ಪೊಲೀಸರು ಮನೆ ಜಾಲಾಡಿ ಅದನ್ನು ಹೊತ್ತೊಯ್ದರು. ಕೇಳಿ ಕೇಳಿ ವಾಪಸ್ ಪಡೆದವನು ಅದನ್ನು ಸುಟ್ಟೇಬಿಟ್ಟ. ಆದರೆ ಕೊಡೋ ಮುಂಚೆ ಪೊಲೀಸರು ನಕಲು ಮಾಡಿಟ್ಟುಕೊಂಡಿದ್ದರು! 1980ರ ದಶಕದ ಕೊನೆಗೆ ಅದು ಅವರ ಕಡತಗಳಿಂದಲೇ ಹೊರಬಂತು. ಬೆಂಕಿಯಿಂದ ಉಳಿಸಿದ್ದು ಬೇಹುಗಾರರ ಫೈಲು.

ಕಾದಂಬರಿಯನ್ನು ಉಳಿಸಿದ್ದು ಹೆಂಡತಿ ಯೆಲೆನಾ. ಸುಟ್ಟದ್ದನ್ನು ಅವನು ಮತ್ತೆ ಮೊದಲಿಂದ ಬರೆದ. 1938ರಲ್ಲಿ ಯೆಲೆನಾಳ ಅಕ್ಕ ಅದನ್ನು ಟೈಪ್ ಮಾಡಿಕೊಟ್ಟಳು. ಮೂತ್ರಪಿಂಡದ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೂ ಅವನು ಹಾಸಿಗೆಯಿಂದಲೇ ತಿದ್ದುಪಡಿ ಹೇಳ್ತಿದ್ದ, ಇವಳು ಬರೆದುಕೊಳ್ತಿದ್ದಳು. 1940ರ ಮಾರ್ಚ್ 10ರಂದು, 48ನೇ ವಯಸ್ಸಿಗೆ ಅವನು ತೀರಿಕೊಂಡ. ಆಮೇಲೆ 26 ವರ್ಷ ಅವಳು ಆ ಪ್ರತಿ ಇಟ್ಟುಕೊಂಡು ಬಾಗಿಲು ತಟ್ಟಿದಳು. ಹೌದು, ಕೇಳಿದಳು, ಬಲಿಷ್ಠರನ್ನೇ ಕೇಳಿದಳು.

ಕೊನೆಗೆ ‘ಮಾಸ್ಕ್ವಾ’ ಪತ್ರಿಕೆ 1966ರ ನವೆಂಬರ್ ಮತ್ತು 1967ರ ಜನವರಿ ಸಂಚಿಕೆಗಳಲ್ಲಿ ಎರಡು ಕಂತಾಗಿ ಛಾಪಿಸಿತು. ಶೇ 12ರಷ್ಟು ಭಾಗಕ್ಕೆ ಕತ್ತರಿ ಬಿದ್ದಿತ್ತು. ಓದುಗರು ಸುಮ್ಮನಿರಲಿಲ್ಲ. ಕಿತ್ತುಹಾಕಿದ ಸಾಲುಗಳನ್ನು ಟೈಪ್ ಮಾಡಿ, ಯಾವುದು ಯಾವ ಜಾಗಕ್ಕೆ ಅಂತ ಗುರುತು ಹಾಕಿ, ಗುಟ್ಟಾಗಿ ಕೈಯಿಂದ ಕೈಗೆ ದಾಟಿಸಿದರು. ಸೋವಿಯತ್ ಒಕ್ಕೂಟದಲ್ಲೇ ಪೂರ್ತಿ ಪುಸ್ತಕ ಬಂದಿದ್ದು 1973ರಲ್ಲಿ. ಯೆಲೆನಾ ಅದನ್ನು ನೋಡಲಿಲ್ಲ. 1970ರಲ್ಲೇ ಹೋಗಿಬಿಟ್ಟಿದ್ದಳು.